ಬಾದಾಮಿಯ ಗುಡ್ಡದಲ್ಲಿ ಊರವರೇ ನಡೆಸುವ ಓಟ: ಸಿದ್ಧತೆ ಹೇಗಿರಬೇಕು?

ದೊಡ್ಡ ಊರಿನ ಮ್ಯಾರಥಾನ್‌ಗಳಲ್ಲಿ ಪದಕ, ಟೀಶರ್ಟ್, ಡಿಜೆ ಎಲ್ಲವೂ ಇರುತ್ತವೆ. ಆದರೆ ಎರಡು ತಾಸು ಪಕ್ಕದಲ್ಲೇ ಓಡಿದವರ ಹೆಸರು ಮಾತ್ರ ತಿಳಿಯುವುದಿಲ್ಲ. ಗುಡ್ಡದ ಕಾಲುದಾರಿಯಲ್ಲಿ ಐವತ್ತು ಅರವತ್ತು ಜನ ಸೇರಿ ಓಡುವ ಸಣ್ಣ ಓಟಗಳಿಗೆ ರಾತ್ರಿ ಬಸ್ಸು ಹಿಡಿದು ಬರುವವರು ಬಯಸುವುದು ಆ ಪರಿಚಯವನ್ನೇ. ಆದ್ದರಿಂದ ಓಟದ ಪ್ರತಿಯೊಂದು ಏರ್ಪಾಡನ್ನೂ ಜನ ಒಬ್ಬರಿಗೊಬ್ಬರು ಸಿಗುವಂತೆ ಯೋಚಿಸಬೇಕು.

ಮೊದಲನೆಯದು ದಾರಿಯ ಆಯ್ಕೆ. ಬಾದಾಮಿಯಿಂದ ಮಹಾಕೂಟದ ಗುಡಿಗಳಿಗೆ ರಸ್ತೆಯಲ್ಲಿ ಸುಮಾರು 14 ಕಿ.ಮೀ. ಆಗುತ್ತದೆ, ಗುಡ್ಡದ ಮೇಲಿನ ಹಳೆಯ ಕಾಲುದಾರಿ ಅದರ ಅರ್ಧದಷ್ಟೂ ಇಲ್ಲ. ಸುತ್ತು ಹಾಕಿ ಬರುವ ದಾರಿಗಿಂತ, ಹೋದ ದಾರಿಯಲ್ಲೇ ಮರಳುವ ಓಟವೇ ಮೇಲೆಂಬುದು ನನ್ನ ಅಭಿಪ್ರಾಯ. ಮಹಾಕೂಟವನ್ನು ಮುಟ್ಟಿ ಎಲ್ಲರಿಗಿಂತ ಮುಂದೆ ಮರಳುತ್ತಿರುವವನು, ಏರಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತ ಕೊನೆಯವರಿಗೆ ಎದುರಾಗಿ "ಇನ್ನ ಸ್ವಲ್ಪ ಐತ್ರಿ, ನಡೀರಿ" ಎಂದು ಹೇಳಿ ಹೋಗುವುದು ಇಂಥ ಓಟದಲ್ಲಿ ಮಾತ್ರ ಸಾಧ್ಯ. ನೀರಿನ ಒಂದೇ ಠಾಣೆ ಎರಡು ಸಲ ಉಪಯೋಗಕ್ಕೆ ಬರುತ್ತದೆ ಎಂಬುದು ಬೇರೆಯ ಲಾಭ.

ಅನುಮತಿಯ ಕೆಲಸವನ್ನು ಎರಡು ತಿಂಗಳು ಮೊದಲೇ ಆರಂಭಿಸಿರಿ. ಗುಹೆಗಳೂ ಭೂತನಾಥ ಗುಡಿಗಳೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಓಟದ ಆರಂಭದ ಗೆರೆಯನ್ನು ಅವುಗಳ ಆವರಣದ ಹೊರಗೇ ಇಡುವುದು ಲೇಸು. ಅರಣ್ಯ ಇಲಾಖೆ, ಪೊಲೀಸ್ ಠಾಣೆ, ಗ್ರಾಮ ಪಂಚಾಯಿತಿ ಮತ್ತು ಮಹಾಕೂಟದ ಗುಡಿಯವರನ್ನು ಖುದ್ದಾಗಿ ಕಂಡು ಮಾತನಾಡಬೇಕು.

ದಿನಾಂಕವನ್ನು ಡಿಸೆಂಬರ್, ಜನವರಿಯಲ್ಲಿ ಇಟ್ಟುಕೊಳ್ಳಿ, ಆದರೆ ಬನಶಂಕರಿ ಜಾತ್ರೆಯ ದಿನಗಳನ್ನು ಬಿಡಿ. ಆಗ ಬಸ್ಸಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಸಮಯದ ಮಿತಿಯನ್ನು ಬರೀ ದೂರದ ಮೇಲೆ ನಿರ್ಧರಿಸಬಾರದು. ಇಂಥ ಕಾಲುದಾರಿ ಓಟದ (ಟ್ರೇಲ್ ರನ್ನಿಂಗ್) ಅಂತರರಾಷ್ಟ್ರೀಯ ಸಂಸ್ಥೆಯು 100 ಮೀಟರ್ ಏರನ್ನು 1 ಕಿ.ಮೀ. ಓಟಕ್ಕೆ ಸಮವೆಂದು ಎಣಿಸುತ್ತದೆ. ಆ ಲೆಕ್ಕದಲ್ಲಿ 10 ಕಿ.ಮೀ. ದಾರಿಯಲ್ಲಿ ಒಟ್ಟು 300 ಮೀಟರ್ ಏರಿದ್ದರೆ ಅದು 13 ಕಿ.ಮೀ. ಆಯಿತು, ತಾಸಿಗೆ 4 ಕಿ.ಮೀ. ನಡೆಯುವವರಿಗೂ ಅವಕಾಶವಾಗಲೆಂದು ಮೂರೂವರೆ ತಾಸು ಕೊಡಬೇಕು. ಬೆಳಕು ಹರಿದ ಮೇಲೆ ಏಳಕ್ಕೆ ಹೊರಟರೆ, ಮರಳುಗಲ್ಲಿನ ಹಾಸುಬಂಡೆ ಕಾದು ಬಿಸಿಯಾಗುವ ಮೊದಲೇ ಎಲ್ಲರೂ ಕೆಳಗಿಳಿದಿರುತ್ತಾರೆ.

ದಾರಿ ತೋರಿಸಲು ಬಂಡೆಗೆ ಬಣ್ಣ ಬಳಿಯಲೇಬಾರದು. ಬಟ್ಟೆಯ ಪಟ್ಟಿಗಳನ್ನು ಗಿಡಗಳಿಗೆ ಕಟ್ಟಿದರೆ ಸಾಕು. ನಾವು ಮೊದಲ ಸಲ ಸೊಂಟದ ಎತ್ತರಕ್ಕೆ ಕಟ್ಟಿದ್ದ ಕೆಂಪು ಪಟ್ಟಿಗಳನ್ನು ಸಂಜೆಯ ಹೊತ್ತಿಗೆ ಆಡುಗಳು ಜಗಿದು ಹಾಕಿದ್ದವು. ಆಡು ಹಿಂಗಾಲ ಮೇಲೆ ನಿಂತು ಟೊಂಗೆ ಎಳೆಯಬಲ್ಲದೆಂಬುದು ನಮಗೆ ಹೊಳೆದಿರಲಿಲ್ಲ. ಈಗ ಕೈಯೆತ್ತಿ ನಿಲುಕುವಷ್ಟು ಮೇಲೆ ಕಟ್ಟುತ್ತೇವೆ. ಅಲ್ಲಿ ಮೇಯಿಸುವ ಕುರುಬರಿಗೆ ಮೊದಲೇ ತಿಳಿಸಿ, ತಪ್ಪುದಾರಿ ಹಿಡಿಯಬಹುದಾದ ಕವಲಿನಲ್ಲಿ ಅವರಲ್ಲೇ ಒಬ್ಬರನ್ನು ನಿಲ್ಲಿಸುತ್ತೇವೆ. ಅವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ.

ಪ್ರತಿಯೊಬ್ಬರೂ ಕನಿಷ್ಠ ಅರ್ಧ ಲೀಟರ್ ನೀರು ಮತ್ತು ಒಂದು ಓಆರ್‌ಎಸ್ ಪೊಟ್ಟಣವನ್ನು ತಾವೇ ಹೊರಬೇಕು. ಪ್ಲಾಸ್ಟಿಕ್ ಲೋಟ ಕೊಡಬೇಡಿ, ಮಂಗಗಳ ಕಾಟದಿಂದ ತಿನಿಸನ್ನು ಬಿಚ್ಚಿಡಲೂಬೇಡಿ. ಹಾವು ಕಚ್ಚಿದರೆ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಆ ಅಂಗವನ್ನು ಅಲುಗಿಸದೆ 108ಕ್ಕೆ ಕರೆ ಮಾಡಬೇಕೆಂದು ಹೊರಡುವ ಮುನ್ನ ಎಲ್ಲರಿಗೂ ಹೇಳಿರಿ. ಕೊನೆಯ ಓಟಗಾರರ ಹಿಂದೆ ಇಬ್ಬರು ಸ್ವಯಂಸೇವಕರು ನಡೆದು ಬರಲೇಬೇಕು. ಇವರನ್ನು ನಾವು ಪ್ರೀತಿಯಿಂದ ಬಾಲಂಗೋಚಿ ಎಂದು ಕರೆಯುತ್ತೇವೆ. ಮರಳುವಾಗ ಪಟ್ಟಿಗಳನ್ನು ಬಿಚ್ಚಿ ತರುವುದೂ ಇವರದೇ ಕೆಲಸ.

ಊಟವನ್ನು ಹೊರಗಿನ ಕೇಟರಿಂಗಿಗೆ ಒಪ್ಪಿಸದೆ, ಹಣ ಕೊಟ್ಟು ಊರಿನ ಹೆಣ್ಣುಮಕ್ಕಳ ಸಂಘದಿಂದಲೇ ಮಾಡಿಸಿರಿ: ಜೋಳದ ರೊಟ್ಟಿ, ಜುಣಕ, ಶೇಂಗಾ ಚಟ್ನಿ, ಮೊಸರು. ಮೊದಲು ಬಂದವರಿಗೆ ಮಜ್ಜಿಗೆ ಕೊಟ್ಟು ಕೂರಿಸಿ. ಹೊರಟವರ ಪಟ್ಟಿಯಲ್ಲಿ ಕೊನೆಯ ಹೆಸರಿಗೂ ಗುರುತು ಬಿದ್ದ ಮೇಲೆಯೇ ರೊಟ್ಟಿಯ ಬುಟ್ಟಿ ಬಿಚ್ಚಬೇಕು.