ವರ್ಷದ ಗಣಿತ ಪಾಠವನ್ನು ನಾನು ಹೀಗೆ ಯೋಜಿಸುತ್ತೇನೆ

11ರಿಂದ 14 ವರ್ಷದ ಮಕ್ಕಳಿಗೆ ನಾನು ಗಣಿತ ಕಲಿಸುತ್ತೇನೆ. ವರ್ಷದ ಯೋಜನೆ ಬರೆಯಲು ಕೂತಾಗ ಮೊದಲು ತೆರೆಯುವುದು ಕ್ಯಾಲೆಂಡರ್. ಪಠ್ಯಪುಸ್ತಕದ ಪರಿವಿಡಿಯ ಸರದಿ ಆಮೇಲೆ. ವಾರಕ್ಕೆ 5 ಪಿರಿಯಡ್‌ನಂತೆ 36 ವಾರ ಇದ್ದರೆ ಕಾಗದದ ಮೇಲೆ 180 ಪಿರಿಯಡ್ ಸಿಗುತ್ತವೆ. ಅದರಲ್ಲಿ ಪರೀಕ್ಷೆ, ಉತ್ತರಪತ್ರಿಕೆ ಕೊಟ್ಟು ಚರ್ಚಿಸುವ ದಿನ, ಆಟೋಟ, ಶಾಲೆಯ ಕಾರ್ಯಕ್ರಮ, ನನ್ನ ರಜೆ ಎಲ್ಲ ಕಳೆಯಬೇಕು. 150 ಉಳಿದರೆ ನಾನು ಪಾಠಕ್ಕೆ ಹಂಚುವುದು 130 ಮಾತ್ರ. ಉಳಿದ 20 ಎಲ್ಲಿಗೆ ಹೋಗುತ್ತವೆ ಎಂದು ಮುಂದೆ ಹೇಳುತ್ತೇನೆ.

ಈ 130 ಪಿರಿಯಡ್‌ಗಳನ್ನು ಅಧ್ಯಾಯಗಳ ಸಂಖ್ಯೆಯಿಂದ ಭಾಗಿಸಿ, ಪ್ರತಿ ಅಧ್ಯಾಯಕ್ಕೂ ಇಷ್ಟಿಷ್ಟು ಎಂದು ಬರೆದರೆ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಅಧ್ಯಾಯಗಳೆಲ್ಲ ಒಂದೇ ತೂಕದವಲ್ಲ. ಹಾಗಾಗಿ ಒಂದು ದೊಡ್ಡ ಹಾಳೆಯಲ್ಲಿ ಎಲ್ಲ ಅಧ್ಯಾಯಗಳ ಹೆಸರು ಬರೆಯುತ್ತೇನೆ. ಯಾವುದು ಗೊತ್ತಿಲ್ಲದಿದ್ದರೆ ಯಾವುದು ಅರ್ಥವಾಗುವುದಿಲ್ಲ ಎಂದು ಬಾಣ ಎಳೆಯುತ್ತಾ ಹೋಗುತ್ತೇನೆ. ಭಿನ್ನರಾಶಿಯಿಂದ ಅನುಪಾತಕ್ಕೆ, ಶೇಕಡಾಕ್ಕೆ, ಸಂಭವನೀಯತೆಗೆ, ಸಮೀಕರಣಕ್ಕೆ ಬಾಣ ಹೋಗುತ್ತದೆ. ಋಣ ಸಂಖ್ಯೆಗಳಿಂದ ಆವರಣ ಬಿಡಿಸುವುದಕ್ಕೆ, ಸಮೀಕರಣಕ್ಕೆ, ನಕ್ಷೆಗೆ ಹೋಗುತ್ತದೆ. ದತ್ತಾಂಶದ ಅಧ್ಯಾಯದಿಂದ ಹೊರಗೆ ಹೋಗುವ ಬಾಣಗಳು ಕಡಿಮೆ. ಎಲ್ಲಿಂದ ಜಾಸ್ತಿ ಬಾಣ ಹೊರಡುತ್ತವೋ ಅಲ್ಲಿಗೆ ಜಾಸ್ತಿ ಪಿರಿಯಡ್. ಪುಸ್ತಕದಲ್ಲಿ ಆ ಅಧ್ಯಾಯ ಎಂಟೇ ಪುಟ ಇದ್ದರೂ ಸರಿ.

ಭಿನ್ನರಾಶಿಯ ವಿಷಯದಲ್ಲಿ ನಾನು ಯಾರ ಮಾತಿಗೂ ಜಗ್ಗುವುದಿಲ್ಲ. ಮನಶ್ಶಾಸ್ತ್ರಜ್ಞ ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು 2012ರಲ್ಲಿ ಅಮೆರಿಕ ಮತ್ತು ಬ್ರಿಟನ್‌ನ ಮಕ್ಕಳ ಹಳೆಯ ದಾಖಲೆಗಳನ್ನು ಪರಿಶೀಲಿಸಿ ಒಂದು ಮುಖ್ಯ ವಿಷಯ ತೋರಿಸಿದರು. 10–12ರ ವಯಸ್ಸಿನಲ್ಲಿ ಮಗುವಿಗೆ ಭಿನ್ನರಾಶಿ ಮತ್ತು ಭಾಗಾಕಾರ ಎಷ್ಟು ಗೊತ್ತಿತ್ತು ಎನ್ನುವುದನ್ನು ನೋಡಿ, ಐದಾರು ವರ್ಷದ ನಂತರ ಅದರ ಬೀಜಗಣಿತ ಹೇಗಿರುತ್ತದೆ ಎಂದು ಊಹಿಸಬಹುದಿತ್ತು. ಮನೆಯ ಆದಾಯ, ಮಗುವಿನ ಬುದ್ಧಿಮಟ್ಟ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿದಿತ್ತು. ತರಗತಿಯಲ್ಲಿ ನನಗೆ ಕಾಣುವುದೂ ಅದೇ. ಸಮೀಕರಣದಲ್ಲಿ ಎಡವುವ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಸಮೀಕರಣ ತೊಡಕಲ್ಲ. ಅದರೊಳಗಿನ 2/3 ತೊಡಕು.

ಮೊದಲ ಎರಡು ವಾರ ಹೊಸ ಪಾಠ ಇಲ್ಲ. ಮಕ್ಕಳು ಎಲ್ಲಿದ್ದಾರೆ ಎಂದು ನೋಡಲು ಕೆಲವೇ ಪ್ರಶ್ನೆ ಕೊಡುತ್ತೇನೆ. ಅದಕ್ಕೆ ಅಂಕ ಇರುವುದಿಲ್ಲ, ಅದನ್ನು ಮಕ್ಕಳಿಗೆ ಮೊದಲೇ ಹೇಳುತ್ತೇನೆ. ಒಂದು ಪ್ರಶ್ನೆ ಹೀಗಿರುತ್ತದೆ: 8 + 4 = ☐ + 5. ಖಾಲಿ ಜಾಗದಲ್ಲಿ 12 ಎಂದು ಬರೆದವರಿಗೆ ಸಮ ಚಿಹ್ನೆ ಎಂದರೆ ‘ಇನ್ನು ಉತ್ತರ ಬರೆ’ ಎಂಬ ಸೂಚನೆ. ಎರಡೂ ಕಡೆ ಒಂದೇ ಬೆಲೆ ಎನ್ನುವುದು ಅವರಿಗೆ ಇನ್ನೂ ಮುಟ್ಟಿಲ್ಲ. ಇಂಥ ಮಗುವಿಗೆ ಪಕ್ಷಾಂತರ (ಸಮ ಚಿಹ್ನೆಯ ಒಂದು ಕಡೆಯದನ್ನು ಇನ್ನೊಂದು ಕಡೆಗೆ ಒಯ್ಯುವುದು) ಕಲಿಸಿದರೆ ಸುಮ್ನೆ ಚಿಹ್ನೆ ಬದಲಿಸುವ ಮಂತ್ರ ಕಲಿಯುತ್ತದೆ, ಅಷ್ಟೇ. ಇನ್ನೊಂದು: 0.35 ದೊಡ್ಡದೋ 0.4 ದೊಡ್ಡದೋ? 35 ದೊಡ್ಡದು, ಹಾಗಾಗಿ 0.35 ದೊಡ್ಡದು ಎನ್ನುವವರು ಪ್ರತಿ ವರ್ಷವೂ ಇರುತ್ತಾರೆ. 1/2 + 1/3 ಎಷ್ಟು ಎಂದರೆ 2/5 ಎನ್ನುವವರು ಅರ್ಧಕ್ಕೆ ಇನ್ನಷ್ಟು ಕೂಡಿಸಿದ ಮೇಲೂ ಈ ಉತ್ತರ ಆ ಅರ್ಧಕ್ಕಿಂತಲೇ ಕಡಿಮೆಯಾಯಿತಲ್ಲ ಎಂದು ನಿಂತು ನೋಡಿರುವುದಿಲ್ಲ. ಈ ಉತ್ತರಗಳನ್ನು ನೋಡಿದ ಮೇಲೆಯೇ ನಾನು ಯೋಜನೆಯಲ್ಲಿ ಪಿರಿಯಡ್‌ಗಳ ಸಂಖ್ಯೆಯನ್ನು ಪೆನ್ನಿನಲ್ಲಿ ಬರೆಯುವುದು. ಅಲ್ಲಿಯವರೆಗೆ ಎಲ್ಲ ಪೆನ್ಸಿಲ್.

ಇನ್ನು ಅಧ್ಯಾಯಗಳ ಕ್ರಮ. ನಾನು ಸರಳ ಸಮೀಕರಣ ಆದ ಕೂಡಲೇ ಕೋನಗಳನ್ನು ಇಡುತ್ತೇನೆ. ತ್ರಿಭುಜದ ಕೋನಗಳು ಯ, 2ಯ, 3ಯ ಆಗಿದ್ದರೆ 6ಯ = 180 ಆಗುತ್ತದೆ, ಕೋನಗಳು 30, 60, 90 ಡಿಗ್ರಿ. ಕೋನದ ಪಾಠವೂ ಆಯಿತು, ಸಮೀಕರಣದ ಅಭ್ಯಾಸವೂ ಆಯಿತು. ಹಾಗೆಯೇ ಶೇಕಡಾ ಮುಗಿದ ತಕ್ಷಣ ವೃತ್ತ ನಕ್ಷೆ. 25% ಎಂದರೆ 90 ಡಿಗ್ರಿ ಎಂದು ಮಕ್ಕಳೇ ಹೇಳುತ್ತಾರೆ. ಆಯತದ ವಿಸ್ತೀರ್ಣವನ್ನು ಆವರಣ ಬಿಡಿಸುವ ಪಾಠದ ಪಕ್ಕಕ್ಕೆ ತರುತ್ತೇನೆ, ಯಾಕೆಂದರೆ 3 × (10 + 4) ಎನ್ನುವುದನ್ನು ಒಂದು ಆಯತವನ್ನು ಎರಡು ಭಾಗ ಮಾಡಿ ತೋರಿಸುವಷ್ಟು ಸುಲಭವಾಗಿ ಬೇರೆ ದಾರಿಯಲ್ಲಿ ತೋರಿಸಲಾಗದು. ಹೀಗೆ ಜೋಡಿಸಿದಾಗ ಉಳಿಯುವ ಸಮಯವನ್ನು ಭಿನ್ನರಾಶಿಗೆ ಕೊಡುತ್ತೇನೆ.

ಬೀಜಗಣಿತಕ್ಕೆ ಮಾತ್ರ ಒಂದೇ ಕಡೆ ಜಾಗ ಕೊಡುವುದಿಲ್ಲ. ವರ್ಷದಲ್ಲಿ ಮೂರು ಸಲ ಬರುತ್ತದೆ. 1970ರ ದಶಕದಲ್ಲಿ ಇಂಗ್ಲೆಂಡಿನ ಮಕ್ಕಳ ಉತ್ತರಗಳನ್ನು ನೋಡಿದ ಗಣಿತ ಶಿಕ್ಷಣ ಸಂಶೋಧಕ ಡೀಟ್‌ಮಾರ್ ಕುಚೆಮನ್, ಮಕ್ಕಳು ಬೀಜಗಣಿತದಲ್ಲಿ ಬರುವ ಅಕ್ಷರವನ್ನು ಆರು ಬಗೆಯಲ್ಲಿ ಕಾಣುತ್ತಾರೆ ಎಂದು ವಿಂಗಡಿಸಿದರು. ಕೆಲವರು ಅಕ್ಷರವನ್ನು ಕಂಡೂ ಕಾಣದಂತೆ ಬಿಟ್ಟುಬಿಡುತ್ತಾರೆ. ಕೆಲವರಿಗೆ ಅದು ಒಂದು ವಸ್ತುವಿನ ಹೆಸರು. ಕೆಲವರಿಗೆ ಕಂಡುಹಿಡಿಯಬೇಕಾದ ಒಂದು ಸಂಖ್ಯೆ. ಯಾವ ಸಂಖ್ಯೆಯೂ ಆಗಬಹುದು, ಬದಲಾಗುತ್ತಾ ಹೋಗಬಹುದು ಎನ್ನುವ ಹಂತ ಮುಟ್ಟುವವರು ಕಡಿಮೆ. ಆ ಹಂತಕ್ಕೆ ಹೋಗಲು ಮಗುವಿಗೆ ತಿಂಗಳುಗಳು ಬೇಕು. ಒಂದೇ ಅಧ್ಯಾಯದಲ್ಲಿ ಆಗುವ ಕೆಲಸ ಅಲ್ಲ.

ಅದಕ್ಕೆ ನಾನು ಒಂದೇ ಲೆಕ್ಕವನ್ನು ವರ್ಷವಿಡೀ ಇಟ್ಟುಕೊಳ್ಳುತ್ತೇನೆ. ಬೆಂಕಿಕಡ್ಡಿಗಳಿಂದ ಒಂದಕ್ಕೊಂದು ಅಂಟಿದ ಚೌಕಗಳ ಸಾಲು. ಒಂದು ಚೌಕಕ್ಕೆ 4 ಕಡ್ಡಿ, ಎರಡಕ್ಕೆ 7, ಮೂರಕ್ಕೆ 10. ಹತ್ತು ಚೌಕಕ್ಕೆ? ನೂರಕ್ಕೆ? ಮಕ್ಕಳು ಮೊದಲು ಎಣಿಸುತ್ತಾರೆ, ಆಮೇಲೆ ಎಣಿಸದೆ ಹೇಳುವ ದಾರಿ ಹುಡುಕುತ್ತಾರೆ. ಚೌಕಗಳ ಸಂಖ್ಯೆಯನ್ನು ‘ನ’ ಎಂದು ಕರೆಯುತ್ತೇವೆ. ಚೌಕಕ್ಕೆ ‘ಚ’, ಕಡ್ಡಿಗೆ ‘ಕ’ ಎಂದು ಬೇಕೆಂದೇ ಇಡುವುದಿಲ್ಲ, ಹಾಗೆ ಇಟ್ಟರೆ ಅಕ್ಷರ ವಸ್ತುವಿನ ಹೆಸರಾಗಿ ಕೂತುಬಿಡುತ್ತದೆ. ಒಬ್ಬಳು ಮೊದಲ ನಿಂತ ಕಡ್ಡಿಯನ್ನು ಬೇರೆ ಇಟ್ಟು 1 + 3ನ ಎನ್ನುತ್ತಾಳೆ. ಇನ್ನೊಬ್ಬ ಮೊದಲ ಚೌಕವನ್ನು ಪೂರ್ತಿ ತೆಗೆದುಕೊಂಡು 4 + 3(ನ − 1) ಎನ್ನುತ್ತಾನೆ. ಮತ್ತೊಬ್ಬರು ಮಲಗಿದ ಕಡ್ಡಿ 2ನ, ನಿಂತ ಕಡ್ಡಿ ನ + 1 ಎಂದು ಕೂಡಿಸುತ್ತಾರೆ. ಮೂರೂ ಸರಿ ಅಲ್ವಾ? ಮೂರೂ ಸರಿ ಇದ್ದರೆ ಮೂರೂ ಒಂದೇ ಆಗಬೇಕಲ್ಲ? ಈ ಪ್ರಶ್ನೆ ಮಕ್ಕಳ ಬಾಯಿಂದಲೇ ಬರುತ್ತದೆ. ಆಗ ಆವರಣ ಬಿಡಿಸಲು ಅವರಿಗೆ ಒಂದು ಕಾರಣ ಸಿಗುತ್ತದೆ. ಈ ಚರ್ಚೆಗೆ ಎರಡು ಪಿರಿಯಡ್ ಇಟ್ಟರೂ ಸಾಲದೆ ಮೂರನೆಯದಕ್ಕೆ ಹೋಗುತ್ತದೆ, ಹೋಗಲಿ ಎಂದು ಬಿಡುತ್ತೇನೆ.

ಕೆಲವು ತಿಂಗಳ ನಂತರ ಸಮೀಕರಣದ ಹೊತ್ತಿಗೆ ಅದೇ ಸಾಲು ಮತ್ತೆ ಬರುತ್ತದೆ: ನನ್ನ ಹತ್ತಿರ 100 ಕಡ್ಡಿ ಇವೆ, ಎಷ್ಟು ಚೌಕ ಮಾಡಬಹುದು? 3ನ + 1 = 100, ನ = 33. 101 ಕಡ್ಡಿ ಇದ್ದರೆ ಏನಾಗುತ್ತದೆ ಎಂದು ಕೇಳಿದಾಗ ಒಳ್ಳೆಯ ಮಾತುಕತೆ ನಡೆಯುತ್ತದೆ. ವರ್ಷದ ಕೊನೆಗೆ ನಕ್ಷೆ ಬರುವಾಗ (1, 4), (2, 7), (3, 10) ಬಿಂದುಗಳನ್ನು ಗುರುತಿಸುತ್ತೇವೆ. ಬಿಂದುಗಳು ನೇರ ಸಾಲಿನಲ್ಲಿ ನಿಲ್ಲುತ್ತವೆ, ಒಂದು ಹೆಜ್ಜೆಗೆ 3 ಏರುತ್ತದೆ. ಆ 3 ಎಲ್ಲಿಂದ ಬಂತು ಎಂದು ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಹೀಗೆ ಮತ್ತೆ ಮತ್ತೆ ಹಿಂದಕ್ಕೆ ಬರುವುದು ನನ್ನ ಯೋಜನೆಯ ಮುಖ್ಯ ಭಾಗ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹಾಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ನಮಗೆ ಇನ್ನೂ ಹತ್ತಿರದ ಪ್ರಯೋಗ ಮನಶ್ಶಾಸ್ತ್ರಜ್ಞ ಡಗ್ ರೋರರ್ ಮತ್ತು ಸಂಗಡಿಗರದ್ದು. ಅಮೆರಿಕದ ಏಳನೇ ತರಗತಿಯ 54 ಗಣಿತ ವರ್ಗಗಳಲ್ಲಿ ಮಾಡಿದ ಈ ಕೆಲಸ 2020ರಲ್ಲಿ ಬಂತು. ಅರ್ಧ ವರ್ಗಗಳಿಗೆ ಒಂದೇ ಬಗೆಯ ಲೆಕ್ಕಗಳು ಒಟ್ಟಿಗೆ ಇದ್ದ ಹಾಳೆ, ಉಳಿದವಕ್ಕೆ ಬೇರೆ ಬೇರೆ ಬಗೆಯವು ಬೆರೆತ ಹಾಳೆ. ಒಂದು ತಿಂಗಳ ನಂತರ ಮೊದಲೇ ಹೇಳದೆ ಇಟ್ಟ ಪರೀಕ್ಷೆಯಲ್ಲಿ ಬೆರೆಸಿ ಕಲಿತವರು ಸರಾಸರಿ 61%, ಇನ್ನುಳಿದವರು 38% ಪಡೆದರು.

ನನ್ನ ತರಗತಿಯಲ್ಲಿ ಇದು ಎರಡು ರೂಪದಲ್ಲಿದೆ. ಪ್ರತಿ ಪಿರಿಯಡ್‌ನ ಆರಂಭಕ್ಕೆ ನಾಲ್ಕು ಪುಟ್ಟ ಪ್ರಶ್ನೆ: ನಿನ್ನೆಯದು, ಹೋದ ವಾರದ್ದು, ಹೋದ ತಿಂಗಳದ್ದು, ಹೋದ ವರ್ಷದ್ದು. ಎರಡನೆಯದು ಬೆರೆಸಿದ ಹೋಮ್‌ವರ್ಕ್. 12 ನಿಮಿಷಕ್ಕೊಮ್ಮೆ ಬಡಿಯುವ ಗಂಟೆ ಮತ್ತು 18 ನಿಮಿಷಕ್ಕೊಮ್ಮೆ ಬಡಿಯುವ ಗಂಟೆ ಈಗ ಒಟ್ಟಿಗೆ ಬಡಿದರೆ, ಮತ್ತೆ ಒಟ್ಟಿಗೆ ಬಡಿಯುವುದು ಎಷ್ಟು ಹೊತ್ತಿಗೆ? ಅದರ ಪಕ್ಕದಲ್ಲೇ, 12 ಮೀಟರ್ ಮತ್ತು 18 ಮೀಟರ್ ಹಗ್ಗಗಳನ್ನು ಏನೂ ಉಳಿಯದಂತೆ ಸಮ ತುಂಡು ಮಾಡಿದರೆ ತುಂಡಿನ ಅತಿ ಹೆಚ್ಚು ಉದ್ದ ಎಷ್ಟು? ಒಂದಕ್ಕೆ ಲಸಾಅ (ಎರಡೂ ಸಂಖ್ಯೆಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 36, ಇನ್ನೊಂದಕ್ಕೆ ಮಸಾಅ (ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ) 6. ‘ಲಸಾಅ ಅಭ್ಯಾಸ’ ಎಂಬ ತಲೆಬರಹದ ಕೆಳಗೆ ಮೊದಲನೆಯದನ್ನು ಕೊಟ್ಟರೆ ಯೋಚಿಸುವ ಕೆಲಸವನ್ನು ತಲೆಬರಹವೇ ಮಾಡಿಬಿಡುತ್ತದೆ. ಬೆರೆತ ಹಾಳೆಯಲ್ಲಿ ಮಕ್ಕಳಿಗೆ ತಪ್ಪು ಜಾಸ್ತಿ ಬರುತ್ತದೆ, ಮನೆಯವರಿಗೂ ಆತಂಕ ಆಗುತ್ತದೆ. ವರ್ಷದ ಮೊದಲ ಪೋಷಕರ ಸಭೆಯಲ್ಲೇ ನಾನು ಇದನ್ನು ವಿವರಿಸುತ್ತೇನೆ. ಯಾವ ದಾರಿ ಎಂದು ಆರಿಸುವುದೇ ಗಣಿತದ ಅರ್ಧ ಕೆಲಸ, ಅದನ್ನು ಮಗುವೇ ಮಾಡಬೇಕು.

ಆ 20 ಪಿರಿಯಡ್‌ಗಳ ಮಾತು. ಸುಮಾರು ಆರು ವಾರಕ್ಕೊಮ್ಮೆ ಮೂರ್ನಾಲ್ಕು ಪಿರಿಯಡ್ ಖಾಲಿ ಬಿಡುತ್ತೇನೆ. ಕಾಗದದ ಮೇಲೆ ‘ಬಾಕಿ ಕೆಲಸ’ ಎಂದು ಬರೆದಿರುತ್ತೇನೆ, ಇಲ್ಲದಿದ್ದರೆ ಯಾರಾದರೂ ಬಂದು ಆ ಜಾಗ ತುಂಬಿಸುತ್ತಾರೆ. ಹಿಂದುಳಿದ ಪಾಠ, ಕಾಯಿಲೆಯಿಂದ ಬರದ ಮಕ್ಕಳು, ಪರೀಕ್ಷೆಯಲ್ಲಿ ಎಲ್ಲರೂ ತಪ್ಪಿದ ಪ್ರಶ್ನೆ ಎಲ್ಲಕ್ಕೂ ಇದೇ ಜಾಗ. ಬಾಕಿ ಏನೂ ಇಲ್ಲದಿದ್ದರೆ ಒಂದು ದೊಡ್ಡ ಲೆಕ್ಕ ಕೊಟ್ಟು ಗುಂಪಿನಲ್ಲಿ ಕೂರಿಸುತ್ತೇನೆ.

ಘಟಕ ಪರೀಕ್ಷೆಯ ಪ್ರಶ್ನೆಗಳನ್ನು ಪಾಠ ಶುರು ಮಾಡುವ ಮುಂಚೆಯೇ ಬರೆದಿಡುತ್ತೇನೆ. ಏನು ಕಲಿಸಬೇಕು ಎಂದು ನನಗೇ ಸ್ಪಷ್ಟವಾಗುತ್ತದೆ. ಒಂದಾದರೂ ‘ಯಾಕೆ’ ಎಂಬ ಪ್ರಶ್ನೆ ಇರಲೇಬೇಕು: (−3)² ಮತ್ತು −3² ಯಾಕೆ ಬೇರೆ ಬೇರೆ?

ವರ್ಷದ ನಡುವೆ ಸಮಯ ಸಾಲದು ಎಂದು ಗೊತ್ತಾದಾಗ ಏನು ಬಿಡಬೇಕು ಎನ್ನುವುದನ್ನೂ ಮೊದಲೇ ಗುರುತು ಹಾಕಿರುತ್ತೇನೆ. ದೊಡ್ಡ ದೊಡ್ಡ ಸಂಖ್ಯೆಗಳ ಉದ್ದನೆಯ ಲೆಕ್ಕಗಳನ್ನು, ಒಂದೇ ಬಗೆಯ ಹತ್ತು ರೇಖಾಗಣಿತದ ರಚನೆಗಳನ್ನು ಕಡಿಮೆ ಮಾಡುತ್ತೇನೆ. ಭಿನ್ನರಾಶಿ, ಋಣ ಸಂಖ್ಯೆ, ಅನುಪಾತಕ್ಕೆ ಕೈ ಹಾಕುವುದಿಲ್ಲ. ಕೊನೆಯ ಅಧ್ಯಾಯವನ್ನು ಓಡಿಸಿ ಮುಗಿಸುವ ಬದಲು ಅದರ ತಿರುಳನ್ನು ಎರಡು ಪಿರಿಯಡ್‌ನಲ್ಲಿ ನಿಧಾನವಾಗಿ ಹೇಳುತ್ತೇನೆ.

ಪ್ರತಿ ಶುಕ್ರವಾರ ಯೋಜನೆಯ ಅಂಚಿನಲ್ಲಿ ಒಂದೆರಡು ಸಾಲು ಬರೆಯುತ್ತೇನೆ. ‘ಶೇಕಡಾ ಏರಿಕೆಗೆ ಇನ್ನೊಂದು ಪಿರಿಯಡ್ ಬೇಕಿತ್ತು’, ‘ಪರ್ಯಾಯ ಕೋನ ಬೇಗ ಆಯಿತು’, ‘ಋಣದಿಂದ ಋಣ ಕಳೆಯುವುದು ಇನ್ನೂ ಗಟ್ಟಿಯಾಗಿಲ್ಲ’. ವರ್ಷದ ಕೊನೆಗೆ ಈ ಹಾಳೆಯ ಒಂದು ಪ್ರತಿ ನನ್ನ ಹತ್ತಿರ, ಇನ್ನೊಂದು ಈ ಮಕ್ಕಳನ್ನು ಮುಂದಿನ ವರ್ಷ ಕಲಿಸುವವರ ಹತ್ತಿರ. ಅವರು ತಮ್ಮ ಮೊದಲ ಎರಡು ವಾರದ ಪ್ರಶ್ನೆಗಳನ್ನು ಈ ಅಂಚಿನ ಸಾಲುಗಳಿಂದಲೇ ಬರೆದುಕೊಳ್ಳುತ್ತಾರೆ.