ಇಂಗ್ಲೆಂಡಿನ ಆಂಬುಲೆನ್ಸ್ ಒಳಗೆ: ಗಾಯಾಳುವಿಗೆ ಏನೇನು ಮಾಡುತ್ತಾರೆ, ನೀವೇನು ಹೇಳಬೇಕು

ಊರಲ್ಲಿ ಯಾರಿಗಾದರೂ ಪೆಟ್ಟಾದರೆ ಸಿಕ್ಕ ಆಟೊಗೋ ಕಾರಿಗೋ ಎತ್ತಿ ಹಾಕಿಕೊಂಡು ಓಡುವುದು ರೂಢಿ. 108 ಬಂದ ಮೇಲೂ ಆ ಅಭ್ಯಾಸ ಪೂರ್ತಿ ಹೋಗಿಲ್ಲ. ಇಂಗ್ಲೆಂಡಿನಲ್ಲಿ ದೊಡ್ಡ ಪೆಟ್ಟು ಬಿದ್ದವರನ್ನು ಅಲುಗಿಸದೆ 999ಕ್ಕೆ ಫೋನ್ ಮಾಡಿ. 112 ಒತ್ತಿದರೂ ಅಲ್ಲಿಗೇ ಹೋಗುತ್ತದೆ. ಉಸಿರಾಡುತ್ತಿದ್ದಾರಾ, ಎಚ್ಚರವಿದೆಯಾ ಎಂದು ಮೊದಲಿಗೇ ಕೇಳುತ್ತಾರೆ. ಆಮೇಲೂ ಪ್ರಶ್ನೆ ಮುಗಿಯುವುದಿಲ್ಲ. ‘ಮೊದಲು ಗಾಡಿ ಕಳಿಸ್ರೀ’ ಎಂದು ರೇಗಬೇಡಿ. ತೀರಾ ಗಂಭೀರವಾದರೆ ನೀವು ಮಾತಾಡುತ್ತಿರುವಾಗಲೇ ಗಾಡಿ ಹೊರಟಿರುತ್ತದೆ.

ನಿಮ್ಮ ಉತ್ತರದ ಮೇಲೆ ನಾಲ್ಕು ದರ್ಜೆ. ಜೀವ ಹೋಗುವಂಥದ್ದು ಒಂದನೇ ದರ್ಜೆ, ಅದಕ್ಕೆ ಸರಾಸರಿ 7 ನಿಮಿಷದ ಗುರಿ. ಬಚ್ಚಲಲ್ಲಿ ಜಾರಿ ಬಿದ್ದು ಏಳಲಾಗದ, ಆದರೆ ಮಾತಾಡುತ್ತಿರುವ ಅಜ್ಜಿ ಬಹಳ ಸಲ ಮೂರನೇ ದರ್ಜೆಗೆ ಬರುತ್ತಾರೆ. ಅಲ್ಲಿ ಹತ್ತರಲ್ಲಿ ಒಂಬತ್ತು ಕರೆಗಳಿಗೆ 2 ಗಂಟೆಯೊಳಗೆ ಹೋಗಬೇಕೆಂಬ ಗುರಿ ಇದೆ, ಚಳಿಗಾಲದಲ್ಲಿ ಅದೂ ತಪ್ಪುವುದುಂಟು. ಕಾಯುವಾಗ ಕಂಬಳಿ ಹೊದಿಸಿ. ಫೋನಿನಲ್ಲಿ ಅವರೇ ಹೇಳದ ಹೊರತು ನೀರು, ಕಾಫಿ, ಗಂಜಿ ಏನೂ ಬೇಡ. ಆಪರೇಷನ್ ಬೇಕಾದರೆ ಅರಿವಳಿಕೆ ಕೊಡುವುದು ಕಷ್ಟವಾಗುತ್ತದೆ. ಮಂಪರು, ವಾಂತಿ, ಉಸಿರಾಟದ ತೊಂದರೆ ಶುರುವಾದರೆ ಮತ್ತೆ 999ಕ್ಕೆ ಫೋನ್ ಮಾಡಿ, ದರ್ಜೆ ಮೇಲಕ್ಕೆ ಹೋಗಬಹುದು.

ಬಂದವರು ತಕ್ಷಣ ಎತ್ತಿಕೊಂಡು ಹೊರಡುವುದಿಲ್ಲ. ಗಾಡಿ ಅರ್ಧ ಗಂಟೆ ರಸ್ತೆ ಬದಿಯಲ್ಲೇ ನಿಂತಿದ್ದರೆ ಏನೂ ಮಾಡುತ್ತಿಲ್ಲ ಎಂದುಕೊಳ್ಳಬೇಡಿ. ರಕ್ತ ನಿಲ್ಲಿಸುವುದು, ಮುರಿದ ಕಾಲಿಗೆ ಪಟ್ಟಿ ಹಾಕುವುದು, ನೋವು ಇಳಿಸುವುದು ಎಲ್ಲ ಆಗ ನಡೆಯುತ್ತಿರುತ್ತದೆ. ಗಾಯ ನೋಡಲು ಬಟ್ಟೆಯನ್ನು ಕತ್ತರಿಯಿಂದ ಸೀಳುತ್ತಾರೆ, ಸೀರೆಯಾದರೂ ಅಷ್ಟೇ. ಕೈಗೆ ಪೆಟ್ಟಾಗಿದ್ದರೆ ಊತ ಏರುವ ಮೊದಲೇ ಉಂಗುರ, ಬಳೆ ಕಳಚಿ ಕೊಡಿ, ತಡವಾದರೆ ಕತ್ತರಿಸಬೇಕಾಗುತ್ತದೆ. ಬೆನ್ನಿಗೆ ಪೆಟ್ಟಿನ ಅನುಮಾನವಿದ್ದರೆ ಎರಡು ಹೋಳಾಗುವ ಸ್ಟ್ರೆಚರನ್ನು ಎರಡೂ ಪಕ್ಕದಿಂದ ಮೈಕೆಳಗೆ ತೂರಿಸಿ ಮಧ್ಯೆ ಕೂಡಿಸುತ್ತಾರೆ. ಆಗ ಮೈ ಸ್ವಲ್ಪವೇ ವಾಲುತ್ತದೆ. ತಲೆಯ ಎರಡೂ ಬದಿಗೆ ದಿಂಬಿನಂಥ ಬ್ಲಾಕು ಇಟ್ಟು ಟೇಪು ಸುತ್ತುತ್ತಾರೆ. ಆಮೇಲೆ ಗಾಯಾಳುವಿಗೆ ಕಾಣುವುದು ಚಾವಣಿ ಮಾತ್ರ, ಭಯವಾಗುವುದು ಸಹಜ. ಜೊತೆಗಿದ್ದವರು ಮುಖಕ್ಕೆ ನೇರವಾಗಿ ಬಾಗಿ ಕನ್ನಡದಲ್ಲಿ ಮಾತಾಡಿಸಿ. ಪಕ್ಕದಿಂದ ಕೂಗಿದರೆ ತಲೆ ತಿರುಗಿಸಲು ಹೋಗುತ್ತಾರೆ. ಇನ್ನೊಂದು: ಕಾರಿನ ಅಪಘಾತದಲ್ಲಿ ಎಚ್ಚರವಿದ್ದು ಕೈಕಾಲು ಆಡುತ್ತಿದ್ದರೆ ‘ನೀವೇ ಮೆಲ್ಲಗೆ ಇಳಿಯಿರಿ’ ಎನ್ನಬಹುದು. ಅದು ಅಸಡ್ಡೆಯಲ್ಲ. ಬೇರೆಯವರು ಎಳೆದು ತೆಗೆಯುವುದಕ್ಕಿಂತ ಹೀಗೆ ಇಳಿದಾಗ ಬೆನ್ನುಮೂಳೆ ಕಡಿಮೆ ಅಲುಗುತ್ತದೆ.

ನಮ್ಮವರು ಎಡವುವುದು ನೋವಿನ ವಿಷಯದಲ್ಲಿ. ಸೊನ್ನೆಯಿಂದ ಹತ್ತರಲ್ಲಿ ನೋವು ಎಷ್ಟು ಎಂದು ಕೇಳುತ್ತಾರೆ. ಹಿರಿಯರು ಹಲ್ಲು ಕಚ್ಚಿಕೊಂಡು ‘ಪರವಾಗಿಲ್ಲ’ ಎನ್ನುತ್ತಾರೆ, ಮಗ ಅದನ್ನು ‘ಮೂರು’ ಎಂದು ಹೇಳಿಬಿಡುತ್ತಾನೆ. ಮೂರಕ್ಕೆ ಸಿಗುವುದು ಪ್ಯಾರಾಸಿಟಮಾಲ್. ಎಂಟು ಎಂದರೆ ಮಾರ್ಫಿನ್ ಯೋಚಿಸುತ್ತಾರೆ. ಇದ್ದುದನ್ನು ಇದ್ದಂತೆ ಹೇಳಿ, ಹೆಚ್ಚಾದಾಗಲೆಲ್ಲ ಮತ್ತೆ ಹೇಳಿ. ಮೊದಲಿಗೆ ಹೆಚ್ಚಾಗಿ ಕೊಡುವುದು ಎಂಟೊನಾಕ್ಸ್ ಎಂಬ ನೋವು ಇಳಿಸುವ ಅನಿಲ: ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಮ್ಲಜನಕ. ನಳಿಗೆಯನ್ನು ಗಾಯಾಳುವೇ ಹಿಡಿದು ಉಸಿರು ಎಳೆಯಬೇಕು. ಪಾಪ ಎಂದು ನೀವು ಹಿಡಿದುಕೊಳ್ಳಬೇಡಿ: ಮಂಪರು ಹೆಚ್ಚಾದರೆ ಕೈ ತಾನೇ ಕೆಳಗಿಳಿದು ಅನಿಲ ನಿಲ್ಲಬೇಕು, ಸುರಕ್ಷತೆ ಇರುವುದೇ ಅದರಲ್ಲಿ. ಗಾಡಿ ಅಲುಗುವುದಕ್ಕೆ ಅಥವಾ ಮೂಳೆ ನೇರ ಮಾಡುವುದಕ್ಕೆ ಮುಂಚೆಯೇ ನಾಲ್ಕಾರು ಉಸಿರು ಎಳೆದರೆ ಉಪಯೋಗ. ಬಿಟ್ಟರೆ ಕೆಲವೇ ನಿಮಿಷದಲ್ಲಿ ಇಳಿದುಹೋಗುತ್ತದೆ. ಎದೆಗೆ ಪೆಟ್ಟಾಗಿ ಶ್ವಾಸಕೋಶದ ಸುತ್ತ ಗಾಳಿ ಸೇರಿರುವ ಅನುಮಾನವಿದ್ದರೆ ಕೊಡುವುದಿಲ್ಲ. ದೊಡ್ಡವರಿಗೆ ಕೆಲವೆಡೆ ನೋವಿಗೆ ಉಸಿರಲ್ಲಿ ಎಳೆದುಕೊಳ್ಳುವ ಪೆನ್‌ಥ್ರಾಕ್ಸ್ ಎಂಬ ಹಸಿರು ಸೀಟಿಯಂಥದ್ದನ್ನೂ ಕೊಡುತ್ತಾರೆ. ಅದರಲ್ಲಿ 3 ಮಿಲಿ ಔಷಧ. ಮೂತ್ರಪಿಂಡದ ಕಾಯಿಲೆ ಇದ್ದರೆ ಮೊದಲೇ ಹೇಳಬೇಕು.

ಗಾಬರಿಯಲ್ಲಿ ನೀವು ಮೊದಲೇ ಡೋಲೊ 650 ಕೊಟ್ಟಿದ್ದರೆ ಎಷ್ಟು ಹೊತ್ತಿಗೆ ಎಂದು ಹೇಳಿ. ಡೋಲೊ, ಕ್ರೋಸಿನ್ ಎಂದರೆ ಇಲ್ಲಿನವರಿಗೆ ತಿಳಿಯದು, ಪ್ಯಾರಾಸಿಟಮಾಲ್ ಎನ್ನಿ. ಇಲ್ಲದಿದ್ದರೆ ನರಕ್ಕೆ ಇನ್ನೊಂದು ಡೋಸ್ ಬೀಳುತ್ತದೆ. ಎಕೋಸ್ಪ್ರಿನ್ ಎಂದರೆ ಆಸ್ಪಿರಿನ್. ಅಸಿಟ್ರೊಮ್ ಎಂದರೆ ಅಸೆನೊಕೂಮರಾಲ್, ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ. ತಲೆಗೆ ಏಟು ಬಿದ್ದವರು ಅದನ್ನು ತೆಗೆದುಕೊಳ್ಳುತ್ತಿದ್ದರೆ ಸ್ಕ್ಯಾನ್ ಮಾಡಿಸುವ ನಿರ್ಧಾರವೇ ಬದಲಾಗಬಹುದು. ಊರಿನಿಂದ ಅಪ್ಪ ಅಮ್ಮ ಬಂದ ದಿನವೇ ಮಾತ್ರೆಗಳ ಮೂಲ ಹೆಸರು, ಮಿಲಿಗ್ರಾಂ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಇಂಗ್ಲಿಷ್ ಬಾರದವರಿದ್ದರೆ ಫೋನಿನಲ್ಲಿ ಕನ್ನಡ ದುಭಾಷಿ ಬೇಕೆಂದು ಕೇಳಿ.

ಜೊತೆಗೆ ಸಾಮಾನ್ಯವಾಗಿ ಒಬ್ಬರನ್ನು ಹತ್ತಿಸಿಕೊಳ್ಳುತ್ತಾರೆ. ಉಳಿದವರು ಹಿಂದೆ ಕಾರಿನಲ್ಲಿ ಅಟ್ಟಿಸಿಕೊಂಡು ಬರಬೇಡಿ, ಯಾವ ಆಸ್ಪತ್ರೆ ಎಂದು ಕೇಳಿಕೊಳ್ಳಿ. ತೀವ್ರ ಗಾಯವಾದರೆ ಹತ್ತಿರದ ಆಸ್ಪತ್ರೆ ದಾಟಿ ಮೇಜರ್ ಟ್ರಾಮಾ ಸೆಂಟರಿಗೆ, ಅಂದರೆ ದೊಡ್ಡ ಗಾಯಗಳಿಗೆಂದೇ ಸಜ್ಜಾದ ಆಸ್ಪತ್ರೆಗೆ, ಒಯ್ಯುತ್ತಾರೆ. ಇಂಗ್ಲೆಂಡಿನಾದ್ಯಂತ 2012ರಿಂದ ಇದೇ ಪದ್ಧತಿ. ತಲುಪಿದ ಮೇಲೆ ಆಂಬುಲೆನ್ಸಿನವರು ಗಾಯಾಳುವಿನ ಎದುರಿಗೇ ಆಸ್ಪತ್ರೆಯವರಿಗೆ ವಯಸ್ಸು, ಯಾವಾಗ, ಹೇಗೆ ಆಯಿತು, ಗಾಯಗಳೇನು, ನಾಡಿ, ರಕ್ತದ ಒತ್ತಡ ಎಷ್ಟು, ಏನು ಕೊಟ್ಟೆವು ಎಂದು ಬಡಬಡ ಒಪ್ಪಿಸುತ್ತಾರೆ. ಅದರಲ್ಲಿ ತಪ್ಪಿದ್ದರೆ ಆಗಲೇ ತಿದ್ದಿ.

ಆಂಬುಲೆನ್ಸಿನಲ್ಲಿ ಬಂದ ಮಾತ್ರಕ್ಕೆ ಸರದಿ ಮುಂದೆ ಬರುವುದಿಲ್ಲ. ಕೈ ಮುರಿದವರನ್ನು ಇಳಿಸಿ ಕಾಯುವ ಕೋಣೆಯ ಕುರ್ಚಿಗೆ ಕಳಿಸುವುದೂ ಇದೆ. 15 ನಿಮಿಷದಲ್ಲಿ ಗಾಯಾಳುವನ್ನು ಆಸ್ಪತ್ರೆಗೆ ಒಪ್ಪಿಸಬೇಕೆಂಬ ಗುರಿ ಇದ್ದರೂ ಹಾಸಿಗೆ ಇಲ್ಲದಾಗ ಗಾಡಿಯಲ್ಲೇ ಗಂಟೆಗಟ್ಟಲೆ ಕಾಯಿಸುತ್ತಾರೆ; ಆಗಲೂ ನೋವು ಏರಿದರೆ ಒಳಗಿರುವ ಸಿಬ್ಬಂದಿಗೇ ಹೇಳಬೇಕು.

ದುಡ್ಡು: ಆಂಬುಲೆನ್ಸಿಗೂ ಎ ಅಂಡ್ ಇ (ಆಸ್ಪತ್ರೆಯ ತುರ್ತು ವಿಭಾಗ) ಚಿಕಿತ್ಸೆಗೂ ವಿಸಿಟರ್ ವೀಸಾದವರಿಂದಲೂ ಹಣ ಕೇಳುವುದಿಲ್ಲ. ಆದರೆ ವಾರ್ಡಿಗೆ ದಾಖಲಾದ ಕ್ಷಣದಿಂದ ಪ್ರವಾಸಿಗಳಿಗೆ ಬಿಲ್ಲು, ಅದೂ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ದರದ ಒಂದೂವರೆ ಪಟ್ಟು. ಆದ್ದರಿಂದ ಅಪ್ಪ ಅಮ್ಮನ ಪ್ರಯಾಣ ವಿಮೆಯ ಪಾಲಿಸಿ ನಂಬರು ಮಾತ್ರೆಪಟ್ಟಿಯ ಕೆಳಗೇ ಇರಲಿ. ಹೊರಡುವಾಗ ಚಾರ್ಜರು, ಕನ್ನಡಕ, ಮನೆ ಕೀಲಿ, ಚಪ್ಪಲಿ ಚೀಲಕ್ಕೆ ಹಾಕಿಕೊಳ್ಳಿ. ಅಂದೇ ಬಿಡುಗಡೆಯಾದರೆ ವಾಪಸು ಬರಲು ಆಂಬುಲೆನ್ಸ್ ಸಿಗುವುದು ಅಪರೂಪ, ನಡುರಾತ್ರಿಯಾದರೂ ಟ್ಯಾಕ್ಸಿ ನೀವೇ ಹಿಡಿಯಬೇಕು.