153, 141, 131: ನನ್ನ ಟಿಸಿಪಿ ಮಾದರಿಯ ಮೂರು ಸರಾಸರಿಗಳು

ಇಂಟರ್ನೆಟ್ಟಿನಲ್ಲಿ ಡೇಟಾವನ್ನು ಪ್ಯಾಕೆಟ್ಟುಗಳಾಗಿ ಕಳಿಸುವ ನಿಯಮಾವಳಿ ಟಿಸಿಪಿ. ಅದರ ದಟ್ಟಣೆ ನಿಯಂತ್ರಣಕ್ಕೆ ಪುಟ್ಟ ಸಿಮ್ಯುಲೇಷನ್ ಬರೆದಿದ್ದೆ. ಉತ್ತರಕ್ಕೆ ಕಾಯದೆ ಒಮ್ಮೆಗೆ ಕಳಿಸಬಹುದಾದ ಪ್ಯಾಕೆಟ್ಟುಗಳ ಸಂಖ್ಯೆಯೇ ವಿಂಡೋ. ಪ್ಯಾಕೆಟ್ ತಲುಪಿದರೆ ವಿಂಡೋ ತನ್ನದೇ ವಿಲೋಮದಷ್ಟು (1 ಭಾಗಿಸು ವಿಂಡೋ) ಏರುತ್ತದೆ, ಕಳೆದುಹೋದರೆ ಅರ್ಧವಾಗುತ್ತದೆ. ಪ್ರತಿ ಪ್ಯಾಕೆಟ್ಟಿನ ನಷ್ಟ ಸಂಭವನೀಯತೆ 0.0001.

ಕೈಲೆಕ್ಕ ಸುಲಭವಿತ್ತು. ಒಂದು ಸುತ್ತಿನಲ್ಲಿ, ಅಂದರೆ ಪ್ಯಾಕೆಟ್ ಹೋಗಿ ಅದರ ಉತ್ತರ ಬರುವಷ್ಟರಲ್ಲಿ, ವಿಂಡೋ 1 ಏರುತ್ತದೆ. ಇಳಿಕೆ ಎಂದರೆ ನಷ್ಟದ ದರ, ವಿಂಡೋ, ಅರ್ಧ ವಿಂಡೋ ಇವುಗಳ ಗುಣಲಬ್ಧ. ಎರಡನ್ನೂ ಸಮ ಮಾಡಿದರೆ ವಿಂಡೋದ ವರ್ಗ 20,000, ಅಂದರೆ ವಿಂಡೋ 141. ಸಿಮ್ಯುಲೇಷನ್ ಮಾತ್ರ ಸುಮಾರು 153 ಎನ್ನುತ್ತಿತ್ತು. ಸುಮ್ನೆ ರ‍್ಯಾಂಡಮ್ ಸಂಖ್ಯೆಗಳ ಮೇಲೆ ಅನುಮಾನಪಟ್ಟು ಎರಡು ಸಂಜೆ ಹಾಳು ಮಾಡಿಕೊಂಡೆ. ಸೀಡ್ (ಆ ಸಂಖ್ಯೆಗಳ ಸರಣಿ ಶುರುವಾಗುವ ಬೆಲೆ) ಬದಲಿಸಿದರೂ ಅದೇ 153.

ಆಮೇಲೆ ಸರಾಸರಿ ತೆಗೆಯುವ ಸಾಲು ಕಣ್ಣಿಗೆ ಬಿತ್ತು. ನಾನು ಪ್ರತಿ ಪ್ಯಾಕೆಟ್ಟಿಗೂ ಒಮ್ಮೆ ವಿಂಡೋ ಬರೆದುಕೊಳ್ಳುತ್ತಿದ್ದೆ. ವಿಂಡೋ ದೊಡ್ಡದಿದ್ದಾಗ ಪ್ಯಾಕೆಟ್ಟುಗಳೂ ಜಾಸ್ತಿ ಅಲ್ವಾ? ಹಾಗಾಗಿ ದೊಡ್ಡ ವಿಂಡೋಗಳೇ ಹೆಚ್ಚು ಸಲ ಲೆಕ್ಕಕ್ಕೆ ಬಂದಿದ್ದವು. ಎರಡು ಪ್ಯಾಕೆಟ್ಟುಗಳ ನಡುವಿನ ಸಮಯ ಸುತ್ತಿನ ಸಮಯ ಭಾಗಿಸು ವಿಂಡೋ. ಆ ತೂಕ ಕೊಟ್ಟೆ. ಉತ್ತರ 131ಕ್ಕೆ ಇಳಿಯಿತು.

ಆದರೆ ಕೈಲೆಕ್ಕದ 141? ತಪ್ಪು ಅಲ್ಲೂ ಇತ್ತು, ಸ್ವಲ್ಪ ನಾಚಿಕೆಯಾಗುವಂಥದ್ದು. ಆ ಸಮೀಕರಣ ಕೊಡುವುದು ವರ್ಗದ ಸರಾಸರಿಯನ್ನು. ನಾನು ಅದನ್ನೇ ಸರಾಸರಿಯ ವರ್ಗ ಎಂದುಕೊಂಡಿದ್ದೆ. ವಿಂಡೋ ಗರಗಸದ ಹಲ್ಲಿನಂತೆ ಏರಿಳಿಯುವಾಗ ಎರಡೂ ಒಂದೇ ಆಗುವುದಿಲ್ಲ. 131ರ ವರ್ಗ 17,161. ಉಳಿದ ಸುಮಾರು 2,840 ವೇರಿಯನ್ಸ್ (ಸರಾಸರಿಯಿಂದ ಇರುವ ದೂರದ ವರ್ಗದ ಸರಾಸರಿ). ಅದರ ವರ್ಗಮೂಲದ ಪ್ರಕಾರ ವಿಂಡೋ ಸರಾಸರಿಯ ಸುತ್ತ ಸುಮಾರು 53ರಷ್ಟು ಓಲಾಡುತ್ತದೆ. ಪ್ಯಾಕೆಟ್ಟಿಗೊಮ್ಮೆ ಬರೆದುಕೊಂಡ ಸರಾಸರಿ ಎಂದರೆ ವರ್ಗದ ಸರಾಸರಿ ಭಾಗಿಸು ಸರಾಸರಿ. ಹಾಗಾಗಿ 20,000ವನ್ನು 131ರಿಂದ ಭಾಗಿಸಿ ನೋಡಿದೆ. ಹಳೆಯ 153 ಬಂತು!